ಹದಿನೇಳನೇ ಕೋಣೆಯ ಶನಿವಾರಗಳು

ಗೋದಾಬಾಯಿ ಮೇಡಂಗೆ ಹೊಟ್ಟೆಕಿಚ್ಚು ಬಂದದ್ದು ಐವತ್ತಾರನೆಯ ವಯಸ್ಸಿನಲ್ಲಿ. ಅದಕ್ಕೂ ಮೊದಲು ಬಂದೇ ಇರಲಿಲ್ಲ ಎಂದಲ್ಲ. ಬಂದಾಗಲೆಲ್ಲ ಅವರು ಅದಕ್ಕೆ ಬೇರೆ ಹೆಸರು ಇಡುತ್ತಿದ್ದರು. ಶಿಸ್ತು ಅನ್ನುತ್ತಿದ್ದರು, ಪಾಠದ ಮಟ್ಟ ಅನ್ನುತ್ತಿದ್ದರು. ಈ ಸಲ ಮಾತ್ರ ಯಾವ ಹೆಸರೂ ಹೊಂದಲಿಲ್ಲ.

ಹೊಸಪೇಟೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಅವರು ಗಣಿತ ವಿಭಾಗದ ಮುಖ್ಯಸ್ಥೆ. ತಂದೆ ಅಚ್ಯುತಾಚಾರ್ಯರು ಅಣೆಕಟ್ಟಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ಗಂಧ ಆರುವ ಮೊದಲೇ ಮಗಳನ್ನು ಎದುರಿಗೆ ಕೂರಿಸಿಕೊಂಡು ಮಗ್ಗಿ ಕೇಳುತ್ತಿದ್ದರು. ಆ ಮನೆತನದಲ್ಲಿ ಎಂ.ಎಸ್ಸಿ. ಓದಲು ಹೊರಗೆ ಹೋದ ಮೊದಲ ಹೆಣ್ಣುಮಗಳು ಗೋದಾಬಾಯಿ. ವಿಶ್ವವಿದ್ಯಾಲಯದ ತರಗತಿಯಲ್ಲಿ ಮೂವತ್ತು ಹುಡುಗರು, ಇಬ್ಬರು ಹುಡುಗಿಯರು. ಇನ್ನೊಬ್ಬಾಕೆ ಮೊದಲ ವರ್ಷದ ದೀಪಾವಳಿಗೆ ಊರಿಗೆ ಹೋದವಳು ಮದುವೆಯಾಗಿ ಅಲ್ಲೇ ಉಳಿದಳು. ಅಲ್ಲಿಂದ ಗೋದಾಬಾಯಿ ಒಬ್ಬರೇ.

ಅಲ್ಲೊಬ್ಬ ಪ್ರಾಧ್ಯಾಪಕರಿದ್ದರು. ಲೆಕ್ಕ ಬಿಡಿಸಲು ಹುಡುಗರನ್ನು ಒಬ್ಬೊಬ್ಬರನ್ನಾಗಿ ಬೋರ್ಡಿಗೆ ಕರೆಯುತ್ತಿದ್ದರು, ಗೋದಾಬಾಯಿಯನ್ನು ಎಂದೂ ಕರೆಯಲಿಲ್ಲ. ಒಂದು ದಿನ ಗೋದಾಬಾಯಿಯೇ ಧೈರ್ಯ ಮಾಡಿ ಎದ್ದು ಉತ್ತರ ಹೇಳಿದರು. ಉತ್ತರ ತಪ್ಪಾಗಿತ್ತು. ‘ಕುಂದ್ರವ್ವಾ, ನಿನಗ್ಯಾಕ ಈ ತ್ರಾಸು’ ಎಂದರು ಪ್ರಾಧ್ಯಾಪಕರು. ಅದರಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. ತರಗತಿ ನಕ್ಕಿತು. ಹಾಸ್ಟೆಲಿಗೆ ಬಂದ ಗೋದಾಬಾಯಿ ಊಟ ಮಾಡಲಿಲ್ಲ. ಇನ್ನು ಮುಂದೆ ನೂರಕ್ಕೆ ನೂರು ಗೊತ್ತಿರದ ಮಾತನ್ನು ಬಾಯಿಂದ ಬಿಡುವುದಿಲ್ಲ ಎಂದು ನಿಶ್ಚಯಿಸಿದರು. ಆ ವರ್ಷ ಅವರಿಗೆ ಎರಡನೇ ರ‍್ಯಾಂಕು ಬಂತು.

ಆ ನಿಶ್ಚಯವನ್ನು ಮೂವತ್ತು ವರ್ಷ ನಡೆಸಿಕೊಂಡು ಬಂದರು. ಬಳ್ಳಾರಿ, ಕಂಪ್ಲಿ, ಆಮೇಲೆ ಹೊಸಪೇಟೆ. ಎಲ್ಲಿ ಹೋದರೂ ಒಂದೇ ಮಾತು: ಗೋದಾಬಾಯಿ ಮೇಡಂ ಬೋರ್ಡಿನ ಮೇಲೆ ಬರೆದದ್ದನ್ನು ಅಳಿಸಿ ತಿದ್ದಿದ್ದು ಯಾರೂ ಕಂಡಿಲ್ಲ. ಎಡಮೂಲೆಯಿಂದ ಶುರುವಾದ ಸಿದ್ಧಾಂತ ಬಲಮೂಲೆಗೆ ಬಂದು ಮುಗಿಯುವ ಹೊತ್ತಿಗೆ ಗಂಟೆ ಹೊಡೆಯುತ್ತಿತ್ತು. ಮಕ್ಕಳು ಅದನ್ನು ಬರೆದುಕೊಂಡು ಹೋಗುತ್ತಿದ್ದರು. ಪಾಸಾಗುವವರು ಪಾಸಾಗುತ್ತಿದ್ದರು. ಹಳ್ಳಿಯಿಂದ ಬಂದವರು, ಕನ್ನಡದಲ್ಲಿ ಓದಿ ಬಂದವರು, ಅವರಲ್ಲೂ ಹುಡುಗಿಯರು, ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ಅರ್ಧಕ್ಕರ್ಧ ಗಣಿತ ಬಿಟ್ಟಿರುತ್ತಿದ್ದರು. ಅದು ಹಾಗೇ ಎಂದು ಮೇಡಂ ಒಪ್ಪಿಕೊಂಡಿದ್ದರು. ಗಣಿತ ಕಠಿಣ, ಎಲ್ಲರಿಗೂ ಒಗ್ಗುವುದಿಲ್ಲ.

ಎರಡು ವರ್ಷದ ಹಿಂದೆ ಲಕ್ಷ್ಮೀ ಅತಿಥಿ ಉಪನ್ಯಾಸಕಿಯಾಗಿ ಬಂದಳು. ಎಮ್ಮಿಗನೂರಿನವಳು, ಇಪ್ಪತ್ತೊಂಬತ್ತರ ವಯಸ್ಸು. ತಾಯಿ ತಂದೆ ಇಬ್ಬರೂ ಬೇರೆಯವರ ಗದ್ದೆಯಲ್ಲಿ ಕೂಲಿ ಮಾಡುವವರು. ದಿನಾ ಕಂಪ್ಲಿಗೆ ಬಂದು ಅಲ್ಲಿಂದ ಹೊಸಪೇಟೆ ಬಸ್ಸು ಹಿಡಿಯುತ್ತಿದ್ದಳು. ಇಂಗ್ಲಿಷ್ ಉಚ್ಚಾರಣೆ ಅಷ್ಟಕ್ಕಷ್ಟೆ. ಬೋರ್ಡಿನ ಮೇಲೆ ಅಕ್ಷರ ಸೊಟ್ಟ. ಮೊದಲ ವಾರ ಆಕೆಯ ಪಾಠವನ್ನು ಬಾಗಿಲ ಹೊರಗೆ ನಿಂತು ಎರಡು ನಿಮಿಷ ಕೇಳಿದ ಗೋದಾಬಾಯಿ ನಿರಾಳವಾದರು. ಹೆದರುವಂಥದ್ದೇನೂ ಇಲ್ಲ ಅನಿಸಿತು. ಹೆದರಿಕೆ ಯಾತಕ್ಕೆ ಎಂದು ಆಗ ತಮ್ಮನ್ನೇ ಕೇಳಿಕೊಳ್ಳಲಿಲ್ಲ.

ತಿಂಗಳು ಕಳೆದ ಮೇಲೆ ಲಕ್ಷ್ಮೀ ಬಂದು, ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಹದಿನೇಳನೇ ಕೋಣೆ ಬೇಕು ಎಂದು ಕೇಳಿದಳು. ಪಾಠ ತಿಳಿಯದವರನ್ನು ಕೂರಿಸಿಕೊಳ್ಳುತ್ತಾಳಂತೆ. ಅದಕ್ಕೆ ಸಂಬಳ ಗಿಂಬಳ ಏನೂ ಇಲ್ಲ. ಗೋದಾಬಾಯಿ ಕೀಲಿಕೈ ಕೊಟ್ಟರು.

ಒಂದು ಶನಿವಾರ ಮನೆಗೆ ಹೊರಟವರಿಗೆ ಆ ಕೋಣೆಯಿಂದ ನಗೆ ಕೇಳಿಸಿತು. ಗಣಿತದ ತರಗತಿಯಿಂದ ನಗೆ ಕೇಳಿದ್ದು ಅವರಿಗೆ ನೆನಪಿನಲ್ಲೇ ಇರಲಿಲ್ಲ. ಕಿಟಕಿಯಿಂದ ನೋಡಿದರು. ಹದಿನೈದು ಹದಿನಾರು ಮಕ್ಕಳು, ಬಹಳಷ್ಟು ಹುಡುಗಿಯರು. ಬೋರ್ಡಿನ ಮುಂದೆ ಲಕ್ಷ್ಮೀ ಇಲ್ಲ, ಬೆಂಚಿನ ಮೇಲೆ ಮಕ್ಕಳ ನಡುವೆ ಕೂತಿದ್ದಾಳೆ. ಬೋರ್ಡಿನ ಮುಂದೆ ಇದ್ದವಳು ಬುಕ್ಕಸಾಗರದ ಯಮನಮ್ಮ.

ಈ ಯಮನಮ್ಮ ಒಂದು ವರ್ಷದಿಂದ ಗೋದಾಬಾಯಿಯ ತರಗತಿಯ ಕೊನೆಯ ಬೆಂಚಿನಲ್ಲಿ ಕೂತವಳು. ಹಾಜರಿ ಕೂಗಿದಾಗ ಹೇಳುವ ‘ಎಸ್ ಮೇಡಂ’ ಬಿಟ್ಟರೆ ಅವಳ ದನಿ ಹೇಗಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಅವಳ ತಾಯಿ ಗದ್ದೆಗಳಲ್ಲಿ ನಾಟಿ ಹಚ್ಚುವ ಹೆಂಗಸರ ಗುಂಪಿಗೆ ಮೇಸ್ತ್ರಿ. ಈಗ ಮಗಳು ಎರಡು ಕ್ರಿಯೆಗಳನ್ನು ಅದಲುಬದಲು ಮಾಡಿದರೆ ಫಲ ಯಾಕೆ ಬೇರೆಯಾಗುತ್ತದೆ ಎಂದು ತನ್ನ ತಾಯಿಯ ಗತ್ತಿನಲ್ಲೇ ವಿವರಿಸುತ್ತಿದ್ದಳು.

“ಮೊದಲು ಸಸಿ ಕೀಳಬೇಕು, ಆಮ್ಯಾಲೆ ನಾಟಿ ಹಚ್ಚಬೇಕು. ನಾಟಿ ಹಚ್ಚಿ ಆಮ್ಯಾಲೆ ಸಸಿ ಕಿತ್ತರ ಗದ್ದ್ಯಾಗ ಏನು ಉಳೀತೈತಿ? ಹಂಗ ಇದೂ. ಎ ಮಾಡಿ ಬಿ ಮಾಡೋದು ಬ್ಯಾರೆ, ಬಿ ಮಾಡಿ ಎ ಮಾಡೋದು ಬ್ಯಾರೆ.”

ಮತ್ತೆ ಎಲ್ಲರೂ ನಕ್ಕರು, ಲಕ್ಷ್ಮೀ ಕೂಡ. ಆಮೇಲೆ ಹುಡುಗಿ ಅದನ್ನೇ ಪುಸ್ತಕದ ಭಾಷೆಯಲ್ಲಿ ಬರೆದಳು. ಅಕ್ಷರ ಲಕ್ಷ್ಮಿಯದರಂತೆಯೇ ಸೊಟ್ಟ. ಆದರೆ ಬರೆದದ್ದೆಲ್ಲ ಸರಿ.

ಗೋದಾಬಾಯಿ ಕಿಟಕಿಯಿಂದ ಸರಿದು ನಡೆದರು. ಎದೆಯಲ್ಲೊಂದು ಕಡೆ ಬಿಸಿ ಬಿಸಿ. ಕಾಲೇಜಿನ ಗೇಟಿನವರೆಗೆ ಹೋಗುವಷ್ಟರಲ್ಲಿ ಅದು ಏನೆಂದು ತಿಳಿಯಿತು.

ಅಲ್ಲಿಂದ ದಿನಕ್ಕೊಂದು ನೆಪ ಸಿಕ್ಕಿತು. ಶಿಕ್ಷಕರ ದಿನಕ್ಕೆ ಗೋದಾಬಾಯಿಗೆ ಹಾರ ಹಾಕಿದ ಮಕ್ಕಳು ಲಕ್ಷ್ಮಿಗೆ ಹಾರ ಹಾಕಲಿಲ್ಲ. ಆದರೆ ಆಕೆಯನ್ನು ಎಳೆದುಕೊಂಡು ಹೋಗಿ ಮಧ್ಯೆ ನಿಲ್ಲಿಸಿ ಸೆಲ್ಫಿ ತೆಗೆಸಿಕೊಂಡರು. ಕೊರಳಿನ ಹಾರ ತೆಗೆದು ಮೇಜಿನ ಮೇಲಿಟ್ಟ ಗೋದಾಬಾಯಿ ಆ ಗುಂಪನ್ನೇ ನೋಡುತ್ತ ಕೂತಿದ್ದರು. ಸ್ಟಾಫ್ ಮೀಟಿಂಗಿನಲ್ಲಿ ಪ್ರಿನ್ಸಿಪಾಲ ಕೊಟ್ರಯ್ಯನವರು, ಈ ಸಲ ಗಣಿತದಲ್ಲಿ ಹಳ್ಳಿ ಮಕ್ಕಳು ಬಿಟ್ಟು ಹೋಗುವುದು ಕಡಿಮೆಯಾಗಿದೆ, ಲಕ್ಷ್ಮೀ ಅವರದು ಒಳ್ಳೆಯ ಕೆಲಸ ಎಂದರು. ಗೋದಾಬಾಯಿ ಎಲ್ಲರಿಗಿಂತ ಮೊದಲು ತಲೆಯಾಡಿಸಿದರು. ಮನೆಗೆ ಬಂದು ಗಂಡ ಪ್ರಭಂಜನನ ಮುಂದೆ ಒಂದು ತಾಸು ಆ ಹುಡುಗಿಯ ಇಂಗ್ಲಿಷಿನ ತಪ್ಪುಗಳನ್ನು ಎಣಿಸಿದರು. ವಿಮಾ ಕಚೇರಿಯಿಂದ ಸ್ವಯಂನಿವೃತ್ತಿ ಪಡೆದು ಮನೆಯಲ್ಲಿದ್ದ ಪ್ರಭಂಜನ ಎಲ್ಲ ಕೇಳಿ, ಮಕ್ಕಳು ಪಾಸಾಗುತ್ತಿದ್ದಾರಲ್ಲ, ಮತ್ತೇನು ಎಂದ. ಆ ಸಂಜೆ ಅವನಿಗೆ ಕಾಫಿ ಸಿಗಲಿಲ್ಲ.

ಆಂತರಿಕ ಪರೀಕ್ಷೆಯಲ್ಲಿ ಯಮನಮ್ಮ ಒಂದು ಪ್ರಮೇಯವನ್ನು ಗೋದಾಬಾಯಿ ಬರೆಸಿದಂತೆ ಬರೆಯದೆ ತನ್ನದೇ ದಾರಿಯಲ್ಲಿ ಸಾಧಿಸಿದ್ದಳು. ಮೇಡಂ ಮೂರು ಸಲ ಓದಿದರು. ತಪ್ಪು ಸಿಗಲಿಲ್ಲ. ಹತ್ತಕ್ಕೆ ಏಳು ಕೊಟ್ಟರು. ಯಾಕೆ ಎಂದು ಹುಡುಗಿ ಕೇಳಿದರೆ ಹೇಳಲು ಮೂರು ಕಾರಣ ತಯಾರು ಮಾಡಿ ಇಟ್ಟುಕೊಂಡಿದ್ದರು. ಹುಡುಗಿ ಕೇಳಲಿಲ್ಲ. ಪೇಪರು ನೋಡಿ, ಮಡಚಿ, ಬ್ಯಾಗಿಗೆ ಹಾಕಿಕೊಂಡು ಹೋದಳು.

ಮುಂದಿನ ವರ್ಷ ಶುರುವಾಗುವ ಮೊದಲು ವಿಭಾಗದ ವರ್ಕ್‌ಲೋಡ್ ಪಟ್ಟಿ ಮಾಡುವ ಕೆಲಸ ಬಂತು. ಯಾರಿಗೆ ಎಷ್ಟು ತಾಸು ಪಾಠ ಎಂದು ಮುಖ್ಯಸ್ಥೆಯೇ ಬರೆದು ಕೊಡಬೇಕು. ಕಾಯಂ ಉಪನ್ಯಾಸಕರಿಗೆ ಹಂಚಿ ಉಳಿದ ತಾಸುಗಳು ಅತಿಥಿ ಉಪನ್ಯಾಸಕರಿಗೆ. ತಾಸು ಸಾಕಷ್ಟು ಉಳಿಯದಿದ್ದರೆ ಅವರು ಬೇರೆ ಕಾಲೇಜು ನೋಡಿಕೊಳ್ಳಬೇಕು. ಗೋದಾಬಾಯಿ ಲಕ್ಷ್ಮಿಯ ಹೆಸರಿನ ಮುಂದಿದ್ದ ತಾಸುಗಳಲ್ಲಿ ಎಂಟನ್ನು ತಮ್ಮ ಹೆಸರಿಗೆ ಬರೆದುಕೊಂಡರು. ಇಷ್ಟು ವಯಸ್ಸಿನಲ್ಲಿ ಇಷ್ಟು ಪಾಠವೇ ಎಂದು ಕೊಟ್ರಯ್ಯನವರು ಆಶ್ಚರ್ಯಪಟ್ಟರು. ಕೊನೆಯ ವರ್ಷದ ಮಕ್ಕಳು, ಅನುಭವಸ್ಥರು ತೊಗೊಂಡರೆ ಒಳ್ಳೆಯದು ಎಂದು ಗೋದಾಬಾಯಿ ಉತ್ತರ ಕೊಟ್ಟರು. ಕೊಟ್ರಯ್ಯನವರು ಸಹಿ ಹಾಕಿದರು.

ಲಕ್ಷ್ಮಿಗೆ ಸಂಡೂರಿನ ಕಾಲೇಜೊಂದು ಸಿಕ್ಕಿತು. ಕೀಲಿಕೈ ಕೊಡಲು ಬಂದ ದಿನ ಆಕೆ ಕಾರಣವನ್ನೂ ಕೇಳಲಿಲ್ಲ. ಬಾಗಿಲವರೆಗೆ ಹೋದವಳು ತಿರುಗಿ ಒಂದೇ ಮಾತು ಹೇಳಿದಳು.

“ಮೇಡಂ, ಯಮನಮ್ಮಗ ಗಣಿತ ತಿಳಿಯೋಕಿಂತ ಮೊದಲು ನಾಕು ಸರ್ತಿ ತಪ್ಪು ಮಾಡಬೇಕಾಗತೈತ್ರಿ. ಅಕಿಗೆ ತಪ್ಪು ಮಾಡಾಕ ಬಿಡ್ರಿ.”

ಗೋದಾಬಾಯಿಗೆ ಇದು ಉಪದೇಶದಂತೆ ಕೇಳಿಸಿತು. ತಮ್ಮ ಶಿಷ್ಯೆಯನ್ನು ಹೇಗೆ ನಡೆಸಿಕೊಳ್ಳಬೇಕು ಎಂದು ತಮಗೆ ಹೇಳಿ ಹೋದಳಲ್ಲ ಎಂದು ಮೈಯೆಲ್ಲ ಉರಿಯಿತು.

ಶನಿವಾರದ ತರಗತಿಯನ್ನು ಅವರು ನಿಲ್ಲಿಸಲಿಲ್ಲ. ಅದನ್ನು ತಾವೇ ನಡೆಸಿ, ಲಕ್ಷ್ಮಿಗಿಂತ ಚೆನ್ನಾಗಿ ನಡೆಸಿ ತೋರಿಸಬೇಕು ಎಂಬುದೇ ಅವರ ಮನಸ್ಸಿನಲ್ಲಿದ್ದದ್ದು. ಶುಕ್ರವಾರ ಸಂಜೆಯೆಲ್ಲ ತಯಾರಿ ಮಾಡಿದರು. ಮೊದಲ ಶನಿವಾರ ಹತ್ತೊಂಬತ್ತು ಮಕ್ಕಳು ಬಂದರು. ಗೋದಾಬಾಯಿ ಮೂರು ಕಠಿಣ ಲೆಕ್ಕಗಳನ್ನು ಎಡಮೂಲೆಯಿಂದ ಬಲಮೂಲೆಯವರೆಗೆ ಒಂದೂ ತಪ್ಪಿಲ್ಲದೆ ಬಿಡಿಸಿದರು. ಸಂಶಯ ಇದ್ದರೆ ಕೇಳಿ ಎಂದರು. ಯಾರೂ ಕೇಳಲಿಲ್ಲ. ಮುಂದಿನ ವಾರ ಹನ್ನೊಂದು, ಆಮೇಲೆ ನಾಲ್ಕು. ದಸರೆ ರಜೆ ಮುಗಿದ ಮೇಲಿನ ಶನಿವಾರ ಹದಿನೇಳನೇ ಕೋಣೆಯಲ್ಲಿ ಅವರೊಬ್ಬರೇ ಅರ್ಧ ತಾಸು ಕೂತಿದ್ದರು. ಹೊರಗೆ ಬಂದಾಗ ಗೇಟಿನ ಹತ್ತಿರ ನಿಂತಿದ್ದ ಕಾವಲುಗಾರ, ಹುಡುಗಿಯರೆಲ್ಲ ಆಗಲೇ ಸಂಡೂರು ಬಸ್ಸು ಹತ್ತಿ ಹೋದರು ಎಂದ. ಮೇಡಂಗೆ ಗೊತ್ತಿರಬಹುದು ಎಂದೇ ಅವನು ತಿಳಿದಿದ್ದ.

ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಸಂಡೂರು ದೂರವೇನೂ ಅಲ್ಲ. ಆದರೂ ಹೋಗುತ್ತ ಬರುತ್ತ ಎರಡು ತಾಸಿನ ಮೇಲಾಗುತ್ತದೆ. ಅದಿರಿನ ಲಾರಿಗಳ ಹಿಂದೆ ಕೆಂಪು ಧೂಳು ನುಂಗುತ್ತ, ಘಟ್ಟದಲ್ಲಿ ನಿಂತುಕೊಂಡೇ ಹೋಗಬೇಕು. ತಮ್ಮ ಕೋಣೆ ಇಲ್ಲೇ ಇದ್ದಾಗ ಅಷ್ಟು ದೂರ ಅವರು ಹೋಗುತ್ತಿದ್ದರು. 

ಸೋಮವಾರ ಯಮನಮ್ಮನನ್ನು ಸ್ಟಾಫ್ ರೂಮಿಗೆ ಕರೆಸಿದರು. ಬೈಯಬೇಕೆಂದಿದ್ದವರು ಅವಳು ಎದುರಿಗೆ ನಿಂತಾಗ ಬೇರೇನೋ ಕೇಳಿದರು.

“ಅಲ್ಲೇನು ಹೇಳ್ತಾಳ ಅಕಿ, ನಾ ಹೇಳದೇ ಇರೋದು?”

ಯಮನಮ್ಮ ನೆಲ ನೋಡುತ್ತ ಹೇಳಿದಳು.

“ಪಾಠ ನೀವೇ ಛಲೋ ಹೇಳ್ತೀರಿ ಮೇಡಂ. ಬರಕೊಂಡಿದ್ದು ಇನ್ನೂ ಐತ್ರಿ ನನ್ನ ಹತ್ರ. ಆದ್ರ ನಿಮ್ಮ ಕ್ಲಾಸಿನ್ಯಾಗ ಕುಂತಾಗ ಗಣಿತ ನಿಮ್ಮದು ಅನಸ್ತೈತ್ರಿ. ಅಲ್ಲಿ ನಂದೂ ಅನಸ್ತೈತಿ.”

 ಹುಡುಗಿ ಹೋಗಲು ತಿರುಗಿದವಳು ಮತ್ತೆ ನಿಂತಳು. ಹೇಳಲೋ ಬೇಡವೋ ಎಂದು ತಡೆದು ಹೇಳಿದಳು.

“ಫಸ್ಟ್ ಇಯರಿನ್ಯಾಗ ನೀವು ನನಗ ಹೇಳಿದ್ರಿ. ನಿನಗ ಇದು ಆಗಂಗಿಲ್ಲವ್ವ, ಇನ್ನೂ ಟೈಮದ, ಬಿ.ಎ.ಗೆ ಹಾಕ್ಕೋ, ತ್ರಾಸಾಗಂಗಿಲ್ಲ ಅಂತ. ನಾ ಅರ್ಜಿನೂ ಬರದಿದ್ದೆ. ನಮ್ಮವ್ವ ಹರದು ಒಗದ್ಲು.”

ಗೋದಾಬಾಯಿಗೆ ಅದು ಸ್ವಲ್ಪವೂ ನೆನಪಿರಲಿಲ್ಲ. ಆದರೆ ಹೇಳಿರಬಹುದು ಎಂದು ಕೂಡಲೇ ಗೊತ್ತಾಯಿತು. ಅಂಥ ಮಾತನ್ನು ಅವರು ವರ್ಷಕ್ಕೆ ಹತ್ತಾರು ಮಕ್ಕಳಿಗೆ ಹೇಳುತ್ತಿದ್ದರು. ಸಿಟ್ಟಿನಿಂದಲ್ಲ, ಮರುಕದಿಂದ. ತ್ರಾಸು ಎಂಬ ಆ ಶಬ್ದ ಎಲ್ಲಿಂದ ತಮ್ಮ ಬಾಯಿಗೆ ಬಂದಿತ್ತು ಎಂಬುದೂ ಅವರಿಗೆ ಗೊತ್ತಿತ್ತು.

ಡಿಸೆಂಬರಿನ ಮೊದಲ ಶನಿವಾರ ಗೋದಾಬಾಯಿ ಗಂಡನಿಗೆ ಹೇಳದೆ ಸಂಡೂರು ಬಸ್ಸು ಹತ್ತಿದರು. ಮಕ್ಕಳ ಕಣ್ಣಿಗೆ ಬೀಳಬಾರದೆಂದು ಅವರು ಹೋದ ಬಸ್ಸಿನ ನಂತರದ್ದನ್ನು ಹಿಡಿದರು. ಯಾಕೆ ಹೋಗುತ್ತಿದ್ದೇನೆ ಎಂದು ದಾರಿಯುದ್ದಕ್ಕೂ ತಮಗೆ ತಾವೇ ಕಾರಣ ಹೇಳಿಕೊಂಡರು. ತಪ್ಪು ಪಾಠ ಆಗುತ್ತಿದ್ದರೆ ನೋಡಬೇಕಲ್ಲ ಎಂದೂ ಒಮ್ಮೆ ಅಂದುಕೊಂಡರು. ನಿಜ ಹೇಳಬೇಕೆಂದರೆ, ಅಲ್ಲೊಂದು ತಪ್ಪು ಸಿಗಲಿ ಎಂದೇ ಅವರ ಆಸೆಯಾಗಿತ್ತು.

ಸಂಡೂರಿನ ಕಾಲೇಜಿನಲ್ಲಿ ಲಕ್ಷ್ಮೀ ಶನಿವಾರ ಮಕ್ಕಳನ್ನು ಕೂರಿಸಿಕೊಳ್ಳುವ ಕೋಣೆಯಲ್ಲಿ ಹೊಸಪೇಟೆಯಿಂದ ಬಂದವರ ಜೊತೆಗೆ ಕುರೆಕುಪ್ಪದ ಆರೇಳು ಹುಡುಗಿಯರೂ ಇದ್ದರು. ಕಾರ್ಖಾನೆಯಲ್ಲಿ, ಗಣಿಯಲ್ಲಿ ದುಡಿಯುವವರ ಮಕ್ಕಳು. ಬಾಗಿಲಲ್ಲಿ ಗೋದಾಬಾಯಿಯನ್ನು ಕಂಡು ಎಲ್ಲರೂ ಎದ್ದು ನಿಂತರು. ಕೋಣೆ ಒಮ್ಮೆಲೇ ಮೌನವಾಯಿತು. ತಾವು ಹೋದಲ್ಲೆಲ್ಲ ಈ ಮೌನವೂ ಬರುತ್ತದೆ ಎಂಬುದನ್ನು ಗೋದಾಬಾಯಿ ಮೊದಲ ಸಲ ಗಮನಿಸಿದರು. ಇಷ್ಟು ವರ್ಷ ಅದನ್ನು ಗೌರವ ಎಂದು ತಿಳಿದಿದ್ದರು. ಲಕ್ಷ್ಮಿಗೂ ಗಾಬರಿಯಾಗಿತ್ತು. ಆದರೆ ತೋರಿಸಿಕೊಳ್ಳದೆ, ಬರ್ರಿ ಮೇಡಂ, ಕುಂದ್ರಿ ಎಂದು ಹಿಂದಿನ ಬೆಂಚು ತೋರಿಸಿದಳು. ಗೋದಾಬಾಯಿ ಹೋಗಿ ಕೂತರು.

ಆಟದಂಥದ್ದೊಂದು ನಡೆದಿತ್ತು. ಬೋರ್ಡಿನ ಮೇಲೆ ಒಂದು ಸಾಲು ಇತ್ತು: ಒಂದು, ಅರ್ಧ, ಮೂರರಲ್ಲಿ ಒಂದು ಪಾಲು, ನಾಲ್ಕರಲ್ಲಿ ಒಂದು ಪಾಲು, ಹೀಗೆ ಚಿಕ್ಕದಾಗುತ್ತ ಸೊನ್ನೆಯ ಕಡೆಗೆ ಹೋಗುವ ಸಾಲು. ಒಬ್ಬಳು ಒಂದು ಅಂತರ ಹೇಳಬೇಕು. ಸಾಲಿನಲ್ಲಿ ಎಷ್ಟನೆಯದು ದಾಟಿದ ಮೇಲೆ ಎಲ್ಲವೂ ಸೊನ್ನೆಯಿಂದ ಅಷ್ಟು ಅಂತರದ ಒಳಗೇ ಇರುತ್ತವೆ ಎಂದು ಇನ್ನೊಬ್ಬಳು ಹೇಳಬೇಕು. ಅಂತರ ಎಷ್ಟೇ ಸಣ್ಣದು ಕೇಳಿದರೂ ಉತ್ತರ ಇದ್ದೇ ಇದೆ ಎಂದಾದರೆ ಸಾಲು ಸೊನ್ನೆಗೆ ಸೇರುತ್ತದೆ. ಗೋದಾಬಾಯಿ ಇದನ್ನೇ ಮೂವತ್ತು ವರ್ಷ ಗ್ರೀಕ್ ಅಕ್ಷರಗಳಲ್ಲಿ ಬರೆಸಿದ್ದರು. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಒಪ್ಪಿಸಿದ್ದರು.

ಯಮನಮ್ಮನ ಸರದಿ ಬಂತು. ಅವಳು ಯಾರೂ ಕೇಳುವ ಮೊದಲೇ, ನಂದು ನೂರು, ನೀವು ಏನು ಕೇಳಿದ್ರೂ ನೂರು ಎಂದಳು. ಹತ್ತರಲ್ಲಿ ಒಂದು ಪಾಲು ಅಂತರ ಕೇಳಿದರು. ನೂರು ಸಾಕಾಯಿತು. ಐವತ್ತರಲ್ಲಿ ಒಂದು ಪಾಲು ಕೇಳಿದರು, ಆಗಲೂ ಸಾಕಾಯಿತು. ಕುರೆಕುಪ್ಪದ ಹುಡುಗಿಯೊಬ್ಬಳು ಸಾವಿರದಲ್ಲಿ ಒಂದು ಪಾಲು ಎಂದಳು. ಯಮನಮ್ಮ ಬೋರ್ಡಿನ ಕಡೆ ತಿರುಗಿ ನೂರೊಂದನೆಯದನ್ನು ಬರೆದು ನೋಡಿದಳು. ಅದು ಕೇಳಿದ ಅಂತರಕ್ಕಿಂತ ದೊಡ್ಡದಿತ್ತು. ಸೋತಳು.

ತಪ್ಪು ಎಲ್ಲಿದೆ ಎಂದು ಗೋದಾಬಾಯಿಗೆ ನೂರು ಎಂದಾಗಲೇ ಗೊತ್ತಾಗಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಲಕ್ಷ್ಮೀ ಮಾತ್ರ ಏನೂ ಹೇಳದೆ ಕಾಯುತ್ತಿದ್ದಳು. ಕೋಣೆಯಲ್ಲಿ ಒಬ್ಬರೂ ನಗಲಿಲ್ಲ. ಯಮನಮ್ಮ ಬೋರ್ಡಿನ ಮುಂದೆ ನಿಂತೇ ಇದ್ದಳು. ಅಂತರ ಕೇಳೂದಕ್ಕ ಮೊದಲೇ ನಾ ನಂಬರ್ ಹೇಳಬಾರದಿತ್ತು ಎಂದು ಗೊಣಗಿದಳು. ಆಮೇಲೆ ತಿರುಗಿ ಲಕ್ಷ್ಮಿಯನ್ನು ಕೇಳಿದಳು.

“ಎಲ್ಲಾ ಅಂತರಕ್ಕೂ ಒಂದ ನಂಬರು ಸಾಕಾಗುವಂಥ ಸಾಲು ಇರೂದೇ ಇಲ್ಲೇನ್ರಿ?”

ಮೂವತ್ತು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಗೋದಾಬಾಯಿಯ ಹತ್ತಿರ ಇದನ್ನು ಕೇಳಿರಲಿಲ್ಲ. ತಪ್ಪಿನೊಳಗಿಂದ ಎದ್ದ ಪ್ರಶ್ನೆ ಅದು. ಉತ್ತರ ಅವರಿಗೆ ಎರಡು ಕ್ಷಣದಲ್ಲಿ ಹೊಳೆಯಿತು. ಅಷ್ಟರಲ್ಲಿ ಲಕ್ಷ್ಮೀ, ಮೇಡಂ ಅವರನ್ನ ಕೇಳ್ರಿ ಎಂದುಬಿಟ್ಟಳು. ಇಪ್ಪತ್ತು ಮುಖಗಳು ಹಿಂದಿನ ಬೆಂಚಿಗೆ ತಿರುಗಿದವು.

ಇಲ್ಲಿ ಉತ್ತರ ಹೇಳಿಬಿಟ್ಟರೆ ಗೆದ್ದಂತೆ ಎಂದು ಅವರಿಗೆ ಗೊತ್ತಿತ್ತು. ಲಕ್ಷ್ಮಿಯ ಕೋಣೆಯಲ್ಲಿ, ಲಕ್ಷ್ಮಿಯ ಎದುರಿಗೆ. ಗೋದಾಬಾಯಿ ಯಮನಮ್ಮನ ಮುಖ ನೋಡಿದರು. ಹುಡುಗಿ ಸೋತ ನಾಚಿಕೆಯಲ್ಲಿ ಇರಲಿಲ್ಲ. ಹುಬ್ಬು ಗಂಟಿಕ್ಕಿ, ಸೀಮೆಸುಣ್ಣ ಮೆತ್ತಿದ ಕೈಯನ್ನು ಗಲ್ಲಕ್ಕೆ ಒತ್ತಿಕೊಂಡು ಯೋಚಿಸುತ್ತಿದ್ದಳು. ಆಗ ಗೋದಾಬಾಯಿಗೆ ಎಷ್ಟು ಹೊಟ್ಟೆಕಿಚ್ಚಾಯಿತೆಂದರೆ ಕಣ್ಣಲ್ಲಿ ನೀರೇ ಬಂತು. ಅದು ಲಕ್ಷ್ಮಿಯ ಮೇಲಿನದಲ್ಲ. ಇಷ್ಟು ದಿನ ಲಕ್ಷ್ಮಿಯ ಮೇಲೆ ಎಂದುಕೊಂಡದ್ದೂ ಪೂರ್ತಿ ಲಕ್ಷ್ಮಿಯ ಮೇಲಿನದಾಗಿರಲಿಲ್ಲ. ತಪ್ಪು ಉತ್ತರ ಹೇಳಿ ಬೋರ್ಡಿನ ಮುಂದೆ ನಿಂತಿರುವ ಈ ಬುಕ್ಕಸಾಗರದ ಹುಡುಗಿಯ ಮೇಲೆ. ಇವಳಿಗಾಗಿ ಒಂದು ಕೋಣೆ ತುಂಬ ಜನ ಕಾಯುತ್ತಿದ್ದರು. ತಮಗಾಗಿ ಯಾರೂ ಕಾದಿರಲಿಲ್ಲ.

“ನೀನೇ ನೋಡವ್ವ,” ಎಂದರು ಗೋದಾಬಾಯಿ. “ನಿನಗ ಹೊಳೀತದ.”

ಮೂರು ನಿಮಿಷ ಹಿಡಿಯಿತು. ಬಾಯಿ ಮುಚ್ಚಿಕೊಂಡಿರುವುದು ಗೋದಾಬಾಯಿಗೆ ಬಹಳ ಕಷ್ಟವಾಯಿತು. ನಡುವೆ ಯಮನಮ್ಮ ಇನ್ನೂ ಒಂದು ಸಲ ತಪ್ಪಿದಳು. ಕುರೆಕುಪ್ಪದ ಹುಡುಗಿ ಅದನ್ನು ತೋರಿಸಿಕೊಟ್ಟಳು. ಕೊನೆಗೆ ಯಮನಮ್ಮ ನಿಧಾನವಾಗಿ, ಒಂದು ಕಡೆ ದಾಟಿದ ಮೇಲೆ ಎಲ್ಲವೂ ಅದೇ ಸಂಖ್ಯೆಯಾಗಿ ನಿಂತುಬಿಟ್ಟ ಸಾಲಿಗೆ ಮಾತ್ರ ಒಂದೇ ನಂಬರು ಸಾಕು ಎಂದಳು. ಹೇಳಿದ ಮೇಲೆ ತನಗೇ ನಂಬಿಕೆಯಾಗದೆ ಮತ್ತೊಮ್ಮೆ ಹೇಳಿದಳು. ಗೋದಾಬಾಯಿ ಹಿಂದಿನ ಬೆಂಚಿನಿಂದ ಸರಿ ಎಂದರು. ಯಾಕೆ ಸರಿ ಎಂದು ವಿವರಿಸಲಿಲ್ಲ.

ಸಂಜೆ ಬಸ್‌ಸ್ಟ್ಯಾಂಡಿಗೆ ಲಕ್ಷ್ಮೀ ಜೊತೆಗೆ ಬಂದಳು. ಮಕ್ಕಳು ಮುಂದೆ ನಡೆಯುತ್ತಿದ್ದರು. ಎಂಟು ತಾಸಿನ ವಿಷಯ ಹೇಗೆ ಎತ್ತಬೇಕೆಂದು ಗೋದಾಬಾಯಿ ಮನಸ್ಸಿನಲ್ಲೇ ನಾಲ್ಕೈದು ವಾಕ್ಯ ಜೋಡಿಸಿದರು.  ಕಡೆಗೆ ನೇರವಾಗಿಯೇ ಹೇಳಿದರು.

“ನಿಮ್ಮ ತಾಸು ನಾನೇ ತಗಿಸಿದ್ದು ಲಕ್ಷ್ಮೀ. ಪಾಠ ಹೇಳಬೇಕಂತಲ್ಲ. ನಿಮ್ಮನ್ನ ಕಂಡ್ರ ನನಗ ಆಗ್ತಿದ್ದಿಲ್ಲ.”

“ಗೊತ್ತೈತ್ರಿ ಮೇಡಂ.”

“ಯಾರು ಹೇಳಿದ್ರು?”

“ಯಾರೂ ಹೇಳಬೇಕಾಗಿದ್ದಿಲ್ಲ. ಭಾಳ ಸಿಟ್ಟು ಬಂದಿತ್ರಿ. ಇನ್ನೂ ಐತಿ, ಇಲ್ಲ ಅನ್ನಂಗಿಲ್ಲ. ಎಮ್ಮಿಗನೂರಿಂದ ಇಲ್ಲಿಗೆ ದಿನಾ ಬಂದು ಹೋಗಾಕಾಗದ ಇಲ್ಲೇ ರೂಮು ಮಾಡೀನಿ. ನಮ್ಮವ್ವನ ಹತ್ರ ಹದಿನೈದು ದಿನಕ್ಕೊಮ್ಮೆ ಹೋಗ್ತೀನಿ.”

ಗೋದಾಬಾಯಿ ಕ್ಷಮಿಸಿ ಎಂದರು. ಲಕ್ಷ್ಮೀ ಬಸ್ಸು ಬರುವವರೆಗೆ ನಿಂತಿದ್ದು, ಬೇಸಿಗೆಯಲ್ಲಿ ಮೈಸೂರಿನಲ್ಲಿ ಒಂದು ತಿಂಗಳ ಗಣಿತ ಶಿಬಿರ ಇದೆ, ಅದಕ್ಕೆ ವಿಭಾಗದ ಮುಖ್ಯಸ್ಥರ ಪತ್ರ ಬೇಕು, ಯಮನಮ್ಮನಿಗೆ ಬರೆದು ಕೊಡಿ ಎಂದು ಕೇಳಿದಳು. ಅತಿಥಿ ಉಪನ್ಯಾಸಕಿಯ ಪತ್ರ ನಡೆಯುವುದಿಲ್ಲವಂತೆ. ಈ ಮಾತು ಹೇಳುವಾಗ ಲಕ್ಷ್ಮಿಯ ದನಿಯಲ್ಲೂ ಉರಿ ಇತ್ತು.

ಅಂಥ ಪತ್ರ ಗೋದಾಬಾಯಿ ಎಷ್ಟೋ ಬರೆದಿದ್ದರು. ಮೂರೇ ಸಾಲು: ಈಕೆ ನಮ್ಮ ವಿದ್ಯಾರ್ಥಿನಿ, ನಡತೆ ಒಳ್ಳೆಯದು, ಶ್ರಮಪಡುತ್ತಾಳೆ. ಈ ಸಲವೂ ಮೊದಲು ಅದನ್ನೇ ಟೈಪ್ ಮಾಡಿದರು. ಓದಿ ಅಳಿಸಿದರು. ಆಮೇಲೆ ಎರಡು ಪುಟ ಬರೆದರು. ಹುಡುಗಿ ನೂರು ಎಂದು ತಪ್ಪಿದ್ದು, ಆ ತಪ್ಪಿನಿಂದ ಪ್ರಶ್ನೆ ಎತ್ತಿದ್ದು, ತಾನೇ ಉತ್ತರ ಕಂಡದ್ದು, ಎಲ್ಲವನ್ನೂ ನಡೆದಂತೆ ಬರೆದರು. ಆಂತರಿಕ ಪರೀಕ್ಷೆಯಲ್ಲಿ ತಾವು ಆಕೆಗೆ ಹತ್ತಕ್ಕೆ ಏಳು ಕೊಟ್ಟದ್ದು ಅನ್ಯಾಯವಾಗಿತ್ತು ಎಂದೂ ಬರೆದರು. ಈಕೆಗೆ ಪಾಠ ಮಾಡಿ ಬೆಳೆಸಿದವರು ಲಕ್ಷ್ಮೀ ಎಂಬ ಅತಿಥಿ ಉಪನ್ಯಾಸಕಿ ಎಂಬ ಸಾಲನ್ನು ಬರೆದು, ಅಳಿಸಿ, ಕಾಫಿ ಮಾಡಿಕೊಂಡು ಬಂದು ಮತ್ತೆ ಬರೆದರು. ಪ್ರಭಂಜನ ಓದಿ, ಇದು ಪತ್ರವೋ ತಪ್ಪೊಪ್ಪಿಗೆಯೋ ಎಂದ. ಎರಡೂ ಎಂದು ಗೋದಾಬಾಯಿ ಪ್ರಿಂಟ್ ತೆಗೆದರು.

ಯಮನಮ್ಮನಿಗೆ ಶಿಬಿರ ಸಿಕ್ಕಿತು. ಅಲ್ಲಿಂದ ಬಂದವಳು ಪ್ರವೇಶ ಪರೀಕ್ಷೆ ಬರೆದು, ಈಗ ಎಂ.ಎಸ್ಸಿ. ಮೊದಲ ವರ್ಷದಲ್ಲಿ ಇದ್ದಾಳೆ. ಅವಳ ತರಗತಿಯಲ್ಲಿ ಹದಿನೇಳು ಹುಡುಗಿಯರಿದ್ದಾರಂತೆ.

ಹೋಗುವ ಮೊದಲು ಕಾಲೇಜಿನಲ್ಲಿ ಒಂದು ಸಣ್ಣ ಸನ್ಮಾನ ಇಟ್ಟಿದ್ದರು. ಗೋದಾಬಾಯಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಮೈಕಿನ ಮುಂದೆ ಬಂದ ಯಮನಮ್ಮ ತನ್ನ ತಾಯಿಯ ಹೆಸರು ಹೇಳಿದಳು, ಆಮೇಲೆ ಲಕ್ಷ್ಮೀ ಮೇಡಂ ಹೆಸರು ಹೇಳಿದಳು. ಲಕ್ಷ್ಮೀ ಮೇಡಂ ಇರದಿದ್ದರೆ ತಾನು ಗಣಿತದಲ್ಲಿ ಇರುತ್ತಿರಲಿಲ್ಲ ಎಂದಳು. ಆಮೇಲೆ ಪ್ರಿನ್ಸಿಪಾಲರಿಗೂ ಎಲ್ಲ ಗುರುಗಳಿಗೂ ವಂದನೆ ಹೇಳಿ ಇಳಿದಳು. ಎಲ್ಲ ಗುರುಗಳು ಎಂಬುದರಲ್ಲಿ ಗೋದಾಬಾಯಿಯೂ ಸೇರಿದ್ದರು. ಎದೆಯಲ್ಲಿ ಅದೇ ಹಳೆಯ ಬಿಸಿ ಎದ್ದಿತು. ಎರಡು ಪುಟ ಬರೆದವಳು ನಾನು, ಹೆಸರು ಅವಳದು ಎಂದು ಒಂದು ಕ್ಷಣ ಅನ್ನಿಸಿಯೂ ಅನ್ನಿಸಿತು. ಹುಡುಗಿ ಸುಳ್ಳು ಹೇಳಲಿಲ್ಲ ಎಂಬುದೂ ಗೊತ್ತಿತ್ತು. ಕೈ ನೋಯುವಷ್ಟು ಚಪ್ಪಾಳೆ ತಟ್ಟಿದರು.

ಹೊಸ ವರ್ಷದ ಪಟ್ಟಿಯಲ್ಲಿ ಗೋದಾಬಾಯಿ ಆ ಎಂಟು ತಾಸುಗಳನ್ನು ಬಿಟ್ಟುಕೊಟ್ಟರು. ಲಕ್ಷ್ಮಿಗೆ ಫೋನು ಮಾಡಿ, ಹೊಸಪೇಟೆಯನ್ನೇ ಆರಿಸಿಕೊಳ್ಳಿ ಎಂದು ಕೇಳಿಕೊಂಡರು. ಲಕ್ಷ್ಮೀ ಎರಡು ದಿನ ಯೋಚಿಸಿ, ಕುರೆಕುಪ್ಪದ ಹುಡುಗಿಯರು ಈ ವರ್ಷ ಕೊನೆಯ ವರ್ಷದಲ್ಲಿದ್ದಾರೆ, ಅವರನ್ನು ನಡುವೆ ಬಿಟ್ಟು ಬರುವುದಿಲ್ಲ ಎಂದಳು. ಆ ಎಂಟು ತಾಸಿಗೆ ಬೇರೊಬ್ಬರು ಬಂದರು.

ಹದಿನೇಳನೇ ಕೋಣೆಯನ್ನು ಈಗ ಶನಿವಾರ ಗೋದಾಬಾಯಿಯೇ ತೆರೆಯುತ್ತಾರೆ. ಬೋರ್ಡಿನ ಮೇಲೆ ಮಕ್ಕಳೇ ಬರೆಯಬೇಕು. ಮೇಡಂ ಬೆಂಚಿನ ಮೇಲೆ ಕೂರುತ್ತಾರೆ. ತಪ್ಪು ಕಂಡಾಗ ತಡೆಯಲಾರದೆ ಎದ್ದು ಚಾಕ್‌ಪೀಸ್ ಕಸಿದುಕೊಂಡದ್ದೂ ಇದೆ. ಆಗ ಮಕ್ಕಳು, ಮೇಡಂ ಕುಂದ್ರಿ ಎನ್ನುತ್ತಾರೆ. ಹಾಗೆ ಹೇಳುವ ಸಲಿಗೆ ಅವರಿಗೆ ಬಂದದ್ದು ಇತ್ತೀಚೆಗೆ. ಒಂದೊಂದು ವಾರ ಒಂಬತ್ತು ಮಕ್ಕಳು, ಒಂದೊಂದು ವಾರ ಹದಿನಾಲ್ಕು. ತರಗತಿ ಬಿಟ್ಟ ಮೇಲೆ ಗೋದಾಬಾಯಿ ಸಂಡೂರಿಗೆ ಫೋನು ಮಾಡುತ್ತಾರೆ. ಆ ವಾರ ಯಾವ ಲೆಕ್ಕ ಕೊಟ್ಟಿರಿ, ಯಾರು ಏನು ಕೇಳಿದರು ಎಂದು ಇಬ್ಬರೂ ಮಾತಾಡಿಕೊಳ್ಳುತ್ತಾರೆ. ಎಲ್ಲ ಮುಗಿದು ಫೋನು ಇಡುವ ಮೊದಲು, ಏನೂ ಅಂಥ ಮುಖ್ಯವಲ್ಲ ಎಂಬಂತೆ ಗೋದಾಬಾಯಿ ಕೇಳುತ್ತಾರೆ:

“ಅಂದಹಂಗ, ಇವತ್ತು ನಿಮ್ಮಲ್ಲಿ ಎಷ್ಟು ಮಂದಿ ಬಂದಿದ್ರು?”